ಹಗಲು ಗುಡ್ಡೆ ಹತ್ತು, ರಾತ್ರಿ ಅಂಗಳದಲ್ಲಿ ಮಲಗು

ಕುಮಾರ ಪರ್ವತದ ತುದಿಯಲ್ಲಿ ಡೇರೆ ಹಾಕಿ ರಾತ್ರಿಯಿಡೀ ನಕ್ಷತ್ರ ನೋಡುವುದೆಂದು ನೀನೂ ನಿನ್ನ ಬೆಂಗಳೂರಿನ ಗೆಳೆಯರೂ ಹೊರಟಿದ್ದೀರಂತೆ. ಆಸೆ ಒಳ್ಳೆಯದೇ ಮಾರಾಯ. ಆದರೆ ಗುಡ್ಡೆ ಹತ್ತುವುದು ಬೇರೆ, ನಕ್ಷತ್ರ ನೋಡುವುದು ಬೇರೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ.

ಗುಡ್ಡೆಯ ವಿಷಯ ಮೊದಲು ಮುಗಿಸುತ್ತೇನೆ. ತುದಿಯ ಎತ್ತರ 1712 ಮೀಟರ್. ಸುಬ್ರಹ್ಮಣ್ಯ ಪೇಟೆ ಇರುವುದು ನೂರು ಚಿಲ್ಲರೆ ಮೀಟರಿನಲ್ಲಿ. ನಡುವೆ ಹದಿಮೂರು ಕಿಲೋಮೀಟರ್ ಆಸುಪಾಸಿನ ಏರು. ಗಿರಿಗದ್ದೆಯವರೆಗೆ ಕಾಡಿನ ನೆರಳುಂಟು. ಅಲ್ಲಿಂದ ಮೇಲೆ ಬರೀ ಹುಲ್ಲುಗುಡ್ಡೆ; ಕಲ್ಲುಮಂಟಪ, ಶೇಷಪರ್ವತ ದಾಟುವಾಗ ಬಿಸಿಲು ನೆತ್ತಿಗೇ ಹೊಡೆಯುತ್ತದೆ. ಬೇಸಿಗೆ ಹತ್ತಿರವಾದಂತೆ ದಾರಿಯ ನೀರನ್ನು ನಂಬುವ ಹಾಗಿಲ್ಲ, ತಲೆಗೆ ಮೂರು ಲೀಟರ್ ಹೊತ್ತುಕೊಳ್ಳಿ. ಮೊಣಕಾಲಿಗೆ ನಿಜವಾದ ಪರೀಕ್ಷೆ ಇಳಿಯುವಾಗ.

2024ರ ಗಣರಾಜ್ಯೋತ್ಸವದ ರಜೆಯಲ್ಲಿ ಸಾವಿರಾರು ಜನ ಒಟ್ಟಿಗೇ ಬಂದು ಗಿರಿಗದ್ದೆಯಲ್ಲಿ ಜಾತ್ರೆಯೇ ಆಯಿತು. ಆಮೇಲೆ ಚಾರಣವನ್ನೇ ಕೆಲವು ತಿಂಗಳು ನಿಲ್ಲಿಸಿದರು. ಈಗ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಬೇಕು, ದಿನಕ್ಕೆ ಇಂತಿಷ್ಟೇ ಜನ. ತುದಿಯಲ್ಲಿ ಡೇರೆ ಹಾಕಲು ಬಿಡುವುದಿಲ್ಲ. ನನ್ನನ್ನು ಕೇಳಿದರೆ ಅದು ಸರಿಯೇ. ಪುಷ್ಪಗಿರಿ ವನ್ಯಧಾಮ ಆನೆ ತಿರುಗಾಡುವ ಕಾಡು. ಕತ್ತಲಾದ ಮೇಲೆ ಅಲ್ಲಿ ನಮಗೇನು ಕೆಲಸ? ಒಳದಾರಿ ತೋರಿಸುತ್ತೇನೆ ಎನ್ನುವವರು ಸಿಗಬಹುದು, ಅವರ ಹಿಂದೆ ಹೋಗಬೇಡ. ಇನ್ನೊಂದು: ಕುಮಾರಧಾರೆ ಹುಟ್ಟುವುದು ಆ ಬೆಟ್ಟಸಾಲಿನಲ್ಲಿ, ನೇತ್ರಾವತಿಯನ್ನು ಸೇರುವುದು ಉಪ್ಪಿನಂಗಡಿಯಲ್ಲಿ. ನೀವು ಮೇಲೆ ಬಿಸಾಡಿದ ಪೊಟ್ಟಣ ಮಳೆಗಾಲದಲ್ಲಿ ನಮ್ಮ ಕಡೆಗೇ ತೇಲಿ ಬರುತ್ತದೆ.

ಇನ್ನು ನಕ್ಷತ್ರ. ಅದಕ್ಕಾಗಿ ಜನ ಲಡಾಖಿನ ಹಾನ್ಲೆವರೆಗೂ ಹೋಗುತ್ತಾರೆ. ನಮಗೆ ಸುಳ್ಯದ ಈ ಮೂಲೆಯ ಅಂಗಳ ಸಾಕು. ತೋಟದೊಳಗೆ ನಿಂತರೆ ಅಡಿಕೆ ಸೋಗೆ ಬಿಟ್ಟು ಬೇರೇನೂ ಕಾಣದು. ಆದರೆ ಅಡಿಕೆ ಒಣಗಿಸಲೆಂದೇ ಆಕಾಶಕ್ಕೆ ತೆರೆದಿಟ್ಟ ಜಾಗ ಅಂಗಳ. ಅಡಿಕೆ ಹರಡದ ಒಂದು ಅಂಚಿನಲ್ಲಿ ಚಾಪೆ ಹಾಸಿ, ಜಗಲಿಯ ದೀಪ ಆರಿಸಿ ಮಲಗಿ. ಅರ್ಧ ಗಂಟೆ ಮೊಬೈಲ್ ಮುಟ್ಟಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು, ಒಮ್ಮೆ ಪರದೆ ನೋಡಿದರೆ ಮತ್ತೆ ಮೊದಲಿನಿಂದ ಶುರು. ಪುತ್ತೂರು ಪೇಟೆಯಲ್ಲಿ ಕಾಣದ ಸಣ್ಣ ಚುಕ್ಕೆಗಳೆಲ್ಲ ಆಗ ಒಂದೊಂದಾಗಿ ಹೊರಬರುತ್ತವೆ.

ಡಿಸೆಂಬರ್ ನಡುವಿನಲ್ಲಿ ಬನ್ನಿ. ಮಳೆ ತೊಳೆದ ಗಾಳಿ, ಕಾಡ್ಗಿಚ್ಚಿನ ಹೊಗೆ ಇನ್ನೂ ಇಲ್ಲ. ರಾತ್ರಿ ಹತ್ತೂವರೆಯ ಹೊತ್ತಿಗೆ ಕೃತ್ತಿಕೆ ಹೆಚ್ಚುಕಡಿಮೆ ನೆತ್ತಿಯ ಮೇಲಿರುತ್ತದೆ. ಕುಮಾರನನ್ನು ಸಾಕಿದ ಆರು ತಾಯಂದಿರು ಅವರೇ ಅಲ್ಲವೇ? ಕುಕ್ಕೆಯಲ್ಲಿ ಚಂಪಾ ಷಷ್ಠಿಯ ತೇರು ಎಳೆಯುವ ಕಾಲದಲ್ಲೇ ಅವರು ರಾತ್ರಿ ಹೀಗೆ ನೆತ್ತಿಗೇರುವುದು ನನಗೆ ಪ್ರತಿ ವರ್ಷವೂ ಖುಷಿ ಕೊಡುತ್ತದೆ. ಬರಿಗಣ್ಣಿಗೆ ಆರು ಎಣಿಸಬಹುದು, ಬೈನಾಕ್ಯುಲರ್ ಇದ್ದರೆ ಹತ್ತಾರು. ಅದರ ಪೂರ್ವಕ್ಕೆ ಕೆಂಪು ರೋಹಿಣಿ, ಇನ್ನೂ ಕೆಳಗೆ ಮೃಗಶಿರೆ, ಲುಬ್ಧಕ. ನಡುರಾತ್ರಿ ಕಳೆದ ಮೇಲೆ ದಕ್ಷಿಣಕ್ಕೆ ತಿರುಗಿದರೆ ಅಗಸ್ತ್ಯ. ಅದು ಎಷ್ಟೇ ಮೇಲೇರಿದರೂ ಇಪ್ಪತ್ತೈದು ಡಿಗ್ರಿ ದಾಟುವುದಿಲ್ಲ, ಆ ಕಡೆ ಮರ ಅಡ್ಡ ಬಾರದ ಜಾಗ ನೋಡಿಕೊಳ್ಳಿ. ಧ್ರುವನನ್ನು ಹುಡುಕಿ ಸಮಯ ಕಳೆಯಬೇಡಿ. ನಮ್ಮಲ್ಲಿ ಅವನು ದಿಗಂತದಿಂದ ಹದಿಮೂರು ಡಿಗ್ರಿಯಷ್ಟೇ ಮೇಲಿದ್ದಾನೆ, ಗುಡ್ಡೆಯ ಹಿಂದೆ ಅಡಗಿರುತ್ತಾನೆ.

ಇಬ್ಬನಿ ಜೋರು, ತಲೆಗೆ ಸುತ್ತಲು ಬೈರಾಸು ಬೇಕು. ತೋಟಕ್ಕೆ ಇಳಿಯುವುದಾದರೆ ಟಾರ್ಚು ಹಿಡಿದೇ ಇಳಿಯಿರಿ. ಹಾವುಗಳಿಗೂ ಅದು ಓಡಾಟದ ಹೊತ್ತು.

ಷಷ್ಠಿಯ ದಿನಗಳಲ್ಲಿ ಕುಕ್ಕೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಆಗ ಬೇಡ. ಪಂಚಾಂಗ ನೋಡಿ ಅಮಾವಾಸ್ಯೆಯ ಹಿಂದುಮುಂದಿನ ದಿನ ಆರಿಸಿ, ಮೊದಲು ಟಿಕೆಟ್ ಮಾಡಿ. ಮೊದಲ ರಾತ್ರಿ ಅಂಗಳ, ಮರುದಿನ ವಿಶ್ರಾಂತಿ, ಅದರ ಮರುದಿನ ಗುಡ್ಡೆ. ನಿದ್ದೆಗೆಟ್ಟ ಕಾಲಿನಲ್ಲಿ ಶೇಷಪರ್ವತ ಹತ್ತುವುದು ಬೇಡ. ಮತ್ತೆ, ಊಟಕ್ಕೆ ಎಷ್ಟು ಜನ ಎಂದು ನಿನ್ನ ಅಜ್ಜಿಗೆ ಎರಡು ದಿನ ಮೊದಲೇ ಫೋನ್ ಮಾಡಿ ಹೇಳು.