ಸಾಧನೆಗೆ ಪ್ರತಿನಿಧಿಯುಂಟೇ?

ನಮ್ಮ ತಂದೆಯವರ ವೈಕುಂಠ ಸಮಾರಾಧನೆ ಮುಗಿದ ದಿನದ ರಾತ್ರಿ. ಸೂತಕದ ದಿನಗಳಲ್ಲಿ ಪುರೋಹಿತರ ಮನೆಯಲ್ಲಿರಿಸಿದ್ದ ದೇವರ ಪೆಟ್ಟಿಗೆ ಅಂದು ಸಂಜೆಯಷ್ಟೇ ಮನೆಗೆ ಹಿಂತಿರುಗಿತ್ತು. ನೆಂಟರಿಷ್ಟರೆಲ್ಲ ಹೊರಟುಹೋದ ಮೇಲೆ ತಾಯಿಯವರು ದೇವರ ಕೋಣೆಯ ಹೊಸ್ತಿಲ ಬಳಿ ಕುಳಿತು, “ನಾಳೆಯಿಂದ ಪೂಜೆ ಯಾರು ಮಾಡೋದಪ್ಪಾ?” ಎಂದು ಕೇಳಿದರು. ನನಗೆ ಆಗ ನಲವತ್ತು ದಾಟಿತ್ತು. ಉಪನಯನವಾಗಿ ಮೂವತ್ತು ವರ್ಷಗಳ ಮೇಲಾಗಿತ್ತು. ಆದರೂ ಪೆಟ್ಟಿಗೆಯೊಳಗಿನ ಸಾಲಿಗ್ರಾಮಗಳು ಎಷ್ಟು, ಅವುಗಳಲ್ಲಿ ಯಾವುದು ಯಾವ ಮೂರ್ತಿ, ಅಭಿಷೇಕದ ಕ್ರಮವೇನು ಎಂಬುದೊಂದೂ ನನಗೆ ತಿಳಿದಿರಲಿಲ್ಲ. ತಿಳಿದಿದ್ದುದು ಇಷ್ಟೇ: ಪೂಜೆಯ ಕೊನೆಗೆ ಕೈಯೊಡ್ಡಿದರೆ ತೀರ್ಥ ದೊರೆಯುತ್ತಿತ್ತು.

ಈ ಸಂಗತಿಯನ್ನು ಬರೆಯಲು ಸಂಕೋಚವಾಗುತ್ತದೆ. ಆದರೆ ಇದು ನಮ್ಮೊಬ್ಬರ ಮನೆಯ ಕಥೆಯಲ್ಲವೆಂದು ಬಲ್ಲೆನಾದ್ದರಿಂದ ಬರೆದಿದ್ದೇನೆ. ಏಕಾದಶಿಯ ಉಪವಾಸ ಅಜ್ಜಿಯದು, ಪೂಜೆ ತಂದೆಯದು, ಮಡಿ ತಾಯಿಯದು, ಪ್ರವಚನ ಕೇಳುವ ಕೆಲಸ ನಿವೃತ್ತರದು ಎಂದು ನಾವು ಮನೆಗೆಲಸದಂತೆ ದೇವರನ್ನೂ ಹಂಚಿಕೊಂಡಿದ್ದೇವೆ. ಹಂಚಿಕೆಯಲ್ಲಿ ನಮ್ಮ ಪಾಲಿಗೆ ಏನೂ ಉಳಿದಿಲ್ಲವೆಂಬುದು ಹಿರಿಯರು ಕಣ್ಮರೆಯಾದ ದಿನವೇ ಗೊತ್ತಾಗುವುದು.

ಪ್ರತಿನಿಧಿ ಎಂಬುದು ಶಾಸ್ತ್ರಕ್ಕೆ ಹೊರತಾದುದೇನೂ ಅಲ್ಲ. ರೋಗಿಗಳು, ವೃದ್ಧರು, ಪ್ರವಾಸದಲ್ಲಿರುವವರು ಮುಂತಾದ ಅಶಕ್ತರ ಪರವಾಗಿ ಪುತ್ರ, ಪತ್ನಿ, ಪುರೋಹಿತ ಮೊದಲಾದವರು ವ್ರತಾದಿಗಳನ್ನು ನಡೆಸಲು ಧರ್ಮಶಾಸ್ತ್ರಗಳು ಅವಕಾಶ ಕೊಟ್ಟಿವೆ. ದೇವಸ್ಥಾನದಲ್ಲಿ ಗೋತ್ರ ನಕ್ಷತ್ರಗಳನ್ನು ಬರೆಯಿಸಿ ಸೇವೆ ಮಾಡಿಸುವುದೂ ಪುಣ್ಯಕಾರ್ಯವೇ ಸರಿ. ಅದನ್ನು ಹಗುರವಾಗಿ ಕಾಣಬಾರದು. ಆದರೆ ಈ ಅವಕಾಶ ಕರ್ಮಕ್ಕೆ ಸಂಬಂಧಿಸಿದ್ದು. ಜ್ಞಾನ ಭಕ್ತಿಗಳಿಗೆ ಪ್ರತಿನಿಧಿಯನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಭಗವಂತನ ಮಾಹಾತ್ಮ್ಯವನ್ನರಿತು, ಉಳಿದೆಲ್ಲಕ್ಕಿಂತ ಮಿಗಿಲಾಗಿ ಅವನಲ್ಲಿಡುವ ಅಚಲವಾದ ಪ್ರೀತಿಯೇ ಭಕ್ತಿಯೆಂದು ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಮೊದಲ ಅಧ್ಯಾಯದಲ್ಲಿಯೇ ತಿಳಿಸಿದ್ದಾರೆ. ಅರಿಯುವುದನ್ನೂ ಪ್ರೀತಿಸುವುದನ್ನೂ ಒಬ್ಬರ ಪರವಾಗಿ ಇನ್ನೊಬ್ಬರು ಮಾಡುವುದೆಂತು? ತಂದೆ ಉಂಡರೆ ಮಗನ ಹಸಿವು ಹಿಂಗುವುದಿಲ್ಲ.

ಪಂಚಭೇದಗಳನ್ನು ನಮ್ಮ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ಅವುಗಳಲ್ಲಿ ಜೀವ ಜೀವ ಭೇದವೆಂಬುದೂ ಒಂದು. ಪರಮತದವರೊಡನೆ ವಾದಕ್ಕೆಂದು ಅದನ್ನು ಜೋಪಾನವಾಗಿಟ್ಟುಕೊಂಡಿರುವ ನಾವು ಮನೆಯೊಳಕ್ಕೆ ತಂದು ನೋಡಿದವರಲ್ಲ. ತಂದೆಯೆಂಬ ಜೀವ ಬೇರೆ, ಮಗನೆಂಬ ಜೀವ ಬೇರೆ ಎಂದಾದರೆ ತಂದೆಯ ಸಾಧನೆಯೂ ಬೇರೆ, ಮಗನ ಸಾಧನೆಯೂ ಬೇರೆ. ಪ್ರತಿಯೊಬ್ಬ ಜೀವನ ಹೃದಯದಲ್ಲಿಯೂ ಶ್ರೀಹರಿಯು ಬಿಂಬರೂಪಿಯಾಗಿ ನೆಲೆಸಿದ್ದಾನೆ. ಜೀವನಿಗೆ ಕೊನೆಗೆ ಆಗಬೇಕಾದುದು ತನ್ನ ಬಿಂಬದ ಅಪರೋಕ್ಷವೇ ಹೊರತು ನೆರೆಮನೆಯವರ ಬಿಂಬದ್ದಲ್ಲ.

“ಗುರುಗಳ ಅನುಗ್ರಹವೊಂದಿದ್ದರೆ ಸಾಕಲ್ಲವೇ?” ಎಂದು ಕೆಲವರು ಕೇಳುವುದುಂಟು. ಗುರುಪ್ರಸಾದಕ್ಕಿಂತ ಬಲವಾದುದು ಇನ್ನೊಂದಿಲ್ಲವೆಂಬುದು ನಿಜ. ಬ್ರಹ್ಮಸೂತ್ರಭಾಷ್ಯದ ಮೂರನೆಯ ಅಧ್ಯಾಯದಲ್ಲಿ ಆಚಾರ್ಯರು ಹೀಗೆಯೇ ನಿರ್ಣಯಿಸಿದ್ದಾರೆ. ಆದರೆ ಅದೇ ಸೂತ್ರದಲ್ಲಿ, ಹಾಗಿದ್ದರೂ ಶ್ರವಣಾದಿಗಳನ್ನು ಶಿಷ್ಯನು ಮಾಡಲೇಬೇಕೆಂಬ ಮಾತೂ ಸೇರಿದೆ. ನಾವು ಮೊದಲರ್ಧವನ್ನು ಭಕ್ತಿಯಿಂದ ನೆನೆದು ಉತ್ತರಾರ್ಧವನ್ನು ಮರೆಯುತ್ತೇವೆ. ಅನುಕೂಲವಾದ ಮರೆವು!

ಇನ್ನೊಂದು ಮಾತು ಇದಕ್ಕಿಂತಲೂ ಅಪಾಯಕರವಾದುದು. “ಎಲ್ಲವೂ ಹರಿಯ ಪ್ರೇರಣೆ, ಅವನು ಮಾಡಿಸಿದರೆ ಮಾಡೇನು” ಎಂಬುದು. ಕೇಳುವುದಕ್ಕೆ ಇದು ಅಪ್ಪಟ ಸಿದ್ಧಾಂತದಂತೆಯೇ ಇದೆ. ಆದರೆ ಹೀಗೆನ್ನುವವರು ಸಂಬಳ ಹೆಚ್ಚಿಸಿಕೊಳ್ಳುವ ವಿಷಯದಲ್ಲಿ ಹರಿಯ ಪ್ರೇರಣೆಗೆ ಕಾದು ಕುಳಿತುದನ್ನು ನಾನು ಕಂಡಿಲ್ಲ. ಜೀವನು ಕರ್ತನೇ ಅಲ್ಲವೆಂದಾದರೆ “ಇದನ್ನು ಮಾಡು, ಇದನ್ನು ಮಾಡಬೇಡ” ಎಂಬ ವಿಧಿನಿಷೇಧಗಳೆಲ್ಲ ವ್ಯರ್ಥವಾಗುತ್ತವೆ. ಆದ್ದರಿಂದ ಜೀವನಿಗೆ ಕರ್ತೃತ್ವವುಂಟು ಎಂದು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದ ಸಾಧಿಸುತ್ತದೆ. ಆ ಕರ್ತೃತ್ವ ಸ್ವತಂತ್ರವಲ್ಲ, ಭಗವದಧೀನ. ಇದಕ್ಕೆ ಸೂತ್ರಕಾರರು ಬಡಗಿಯ ದೃಷ್ಟಾಂತವನ್ನು ಕೊಟ್ಟಿದ್ದಾರೆ. ಬಡಗಿಯು ಕೆಲಸ ಮಾಡಿಸುವ ಯಜಮಾನನ ಅಧೀನದಲ್ಲಿದ್ದಾನೆ. ಆದರೂ ಉಳಿ ಹಿಡಿದು ಮರ ಕೆತ್ತುವವನು ಅವನೇ. ಬಾಗಿಲು ಸೊಟ್ಟಗಾದರೆ “ಯಜಮಾನರು ಹೇಳಿದ್ದರಿಂದ ಮಾಡಿದೆ” ಎಂದು ಅವನು ತಪ್ಪಿಸಿಕೊಳ್ಳಲಾಗುವುದಿಲ್ಲ. ಮುಂದಿನ ಸೂತ್ರಗಳಲ್ಲಿ, ಭಗವಂತನು ಜೀವನ ಪ್ರಯತ್ನವನ್ನು ಅಪೇಕ್ಷಿಸಿಯೇ ಪ್ರೇರಿಸುತ್ತಾನೆಂದೂ ಸ್ಪಷ್ಟಪಡಿಸಲಾಗಿದೆ. ಹೀಗಿರುವಾಗ ಪಾರತಂತ್ರ್ಯವನ್ನು ಸೋಮಾರಿತನಕ್ಕೆ ಹೊದಿಕೆಯಾಗಿಸುವುದು ಸಿದ್ಧಾಂತಕ್ಕೆ ಮಾಡುವ ಅಪಚಾರ. ಮಾಡುವುದು ನನ್ನ ಹೊಣೆ. ಮಾಡಿದ ಮೇಲೆ, ಮಾಡಿಸಿದವನು ಅವನೆಂದು ಅರ್ಪಿಸುವುದೂ ನನ್ನದೇ ಹೊಣೆ.

ಧ್ರುವನ ಕಥೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಮಲತಾಯಿಯ ಕಟುನುಡಿಯಿಂದ ನೊಂದು ಬಂದ ಐದು ವರ್ಷದ ಮಗುವಿಗೆ ಸುನೀತಿಯು ಶ್ರೀಹರಿಯ ಪಾದವನ್ನು ತೋರಿಸಿಕೊಟ್ಟಳೇ ಹೊರತು, “ನೀನು ಚಿಕ್ಕವನು, ನಿನ್ನ ಪರವಾಗಿ ನಾನೇ ತಪಸ್ಸು ಮಾಡುತ್ತೇನೆ” ಎನ್ನಲಿಲ್ಲ. ನಾರದರೂ ಮೊದಲು ಬೇಡವೆಂದು ಪರೀಕ್ಷಿಸಿ, ಅನಂತರ ಮಂತ್ರವನ್ನುಪದೇಶಿಸಿ ಯಮುನಾತೀರದ ಮಧುವನಕ್ಕೆ ಕಳುಹಿಸಿದರು, ಜೊತೆಯಲ್ಲಿ ಕೂರಲಿಲ್ಲ. ಮೊದಲ ತಿಂಗಳು ಮೂರು ದಿನಗಳಿಗೊಮ್ಮೆ ಬೇಲ, ಬೋರೆ ಹಣ್ಣುಗಳನ್ನು ತಿಂದು, ಮುಂದೆ ಅದನ್ನೂ ಬಿಟ್ಟು ನಿಂತದ್ದು ಆ ಬಾಲಕನೇ. ತಾಯಿ ದಾರಿ ತೋರಿದಳು, ಗುರು ಮಂತ್ರ ಕೊಟ್ಟರು. ಕಾಲು ಮಾತ್ರ ಧ್ರುವನದು.

ನಮ್ಮ ಸ್ತ್ರೀಯರಲ್ಲಿ ಕೆಲವರು ಪೂಜೆ ಪಾಠಗಳೆಲ್ಲ ಗಂಡಸರಿಗೆಂದು ಹಿಂದೆ ಸರಿಯುತ್ತಾರೆ. ಹೆಳವನಕಟ್ಟೆ ಗಿರಿಯಮ್ಮನವರು ಹಾಗೆಂದುಕೊಂಡಿದ್ದರೆ ಕನ್ನಡಕ್ಕೆ ಅವರ ಹಾಡುಗಳು ದೊರೆಯುತ್ತಿರಲಿಲ್ಲ. ಸಂಸಾರದ ನಡುವೆಯೇ ರಂಗನಾಥನನ್ನು ತಮ್ಮ ಸ್ವಂತದವನನ್ನಾಗಿ ಮಾಡಿಕೊಂಡು, ಗೋಪಾಲದಾಸರ ಅನುಗ್ರಹಕ್ಕೆ ಪಾತ್ರರಾದವರು ಅವರು.

ತಾಯಿಯವರು ಕೇಳಿದ ಮರುದಿನ ನಾನು ಪುರೋಹಿತರನ್ನು ಕರೆತಂದು ಪೂಜೆಯನ್ನು ಕಲಿಯತೊಡಗಿದೆ. ಎರಡು ತಿಂಗಳಲ್ಲಿ ಕೈಗೆ ಕ್ರಮ ಬಂದಿತು. ಮನಸ್ಸಿಗೆ ಬರಲಿಲ್ಲ. ನಿರ್ಮಾಲ್ಯ ತೆಗೆಯುವಾಗ ಬಸ್ಸಿನ ವೇಳೆಯೂ, ನೈವೇದ್ಯಕ್ಕೆ ಪರದೆ ಹಾಕುವಾಗ ಕಛೇರಿಯ ಕಾಗದಗಳೂ ಎದುರಿಗೆ ನಿಲ್ಲುತ್ತಿದ್ದವು. ಇದನ್ನು ಪುರೋಹಿತರಲ್ಲಿ ಹೇಳಿಕೊಂಡಾಗ ಆ ವೃದ್ಧರು ನಕ್ಕು, “ಕ್ರಮ ನಾನು ಹೇಳಿಕೊಟ್ಟೆ. ಅನುಸಂಧಾನ ಹೇಳಿಕೊಡಬಹುದು, ಮಾಡಿಕೊಡೋಕೆ ಬರೋದಿಲ್ಲ” ಎಂದರು. ಶ್ರವಣವನ್ನು ನೂರು ಜನರ ನಡುವೆ ಕುಳಿತು ಮಾಡಬಹುದು. ಮನನಕ್ಕೆ ಮಾತ್ರ ಒಬ್ಬನೇ ಕುಳಿತುಕೊಳ್ಳಬೇಕು. ಅಂದಿನಿಂದ ಪೂಜೆಗೆ ಮುನ್ನ ಹತ್ತು ನಿಮಿಷ, ಹಿಂದಿನ ದಿನ ಕೇಳಿದ ಅಥವಾ ಓದಿದ ಒಂದೇ ಒಂದು ವಿಷಯವನ್ನು ಮೆಲುಕು ಹಾಕಿ ಆಮೇಲೆ ಪೆಟ್ಟಿಗೆ ತೆರೆಯುವ ಪದ್ಧತಿಯನ್ನಿಟ್ಟುಕೊಂಡಿದ್ದೇನೆ. ಬಸ್ಸು ಈಗಲೂ ಒಮ್ಮೊಮ್ಮೆ ಬಂದು ನಿಲ್ಲುತ್ತದೆ; ಮೊದಲಿನಷ್ಟು ಹೊತ್ತು ನಿಲ್ಲುವುದಿಲ್ಲ.

ನನ್ನ ಮಗನಿಗೆ ಹೋದ ವರ್ಷ ಉಪನಯನವಾಯಿತು. ವಾರಕ್ಕೊಂದು ದಿನ, ನಾನು ಊರಲ್ಲಿದ್ದರೂ ಸಹ, ಪೂಜೆ ಅವನದೇ. ತಪ್ಪಿದಲ್ಲಿ ಅವನ ಅಜ್ಜಿ ಹೊಸ್ತಿಲಾಚೆಯಿಂದ ಎಚ್ಚರಿಸುತ್ತಾರೆ. ಅಂದು ನಾನು ಕೈಯೊಡ್ಡಿ ಅವನಿಂದ ತೀರ್ಥ ತೆಗೆದುಕೊಳ್ಳುತ್ತೇನೆ.