ಚಾಕಿ ಹುಳುವಿನ ಸುರಕ್ಷಿತ ಸಾಗಣೆ: ಗ್ರಾಮ ಪಂಚಾಯಿತಿ ಸದಸ್ಯರು ತಿಳಿದಿರಬೇಕಾದ ಅಂಶಗಳು

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ರೇಷ್ಮೆಯ ಹೆಸರು ಹೊತ್ತ ಎರಡು ಪ್ರಮುಖ ಸ್ಥಳಗಳಿವೆ. ಬಿ.ಟಿ.ಎಂ. ಬಡಾವಣೆಯಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. ಬನಶಂಕರಿಯಿಂದ ಕನಕಪುರ ರಸ್ತೆಯಲ್ಲಿ ಮುಂದೆ ಸಾಗಿದರೆ ತಲಘಟ್ಟಪುರದಲ್ಲಿ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿದೆ. 2021ರ ಜನವರಿಯಲ್ಲಿ ಮೆಟ್ರೊ ಹಸಿರು ಮಾರ್ಗವು ವಿಸ್ತರಣೆಗೊಂಡಾಗ ಅದರ ಕೊನೆಯ ನಿಲ್ದಾಣಕ್ಕೆ ರೇಷ್ಮೆ ಸಂಸ್ಥೆಯ ಹೆಸರನ್ನೇ ಇಡಲಾಯಿತು. ನಗರದ ಪ್ರಯಾಣಿಕರಿಗೆ ಇವು ನಿಲ್ದಾಣ ಮತ್ತು ವೃತ್ತಗಳ ಹೆಸರುಗಳು ಮಾತ್ರ. ಅದೇ ರಸ್ತೆಯ ಮುಂದಿನ ಗ್ರಾಮಗಳಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕುವ ಕುಟುಂಬಗಳಿಗೆ ರೇಷ್ಮೆಯೇ ಜೀವನಾಧಾರ. ಈ ಬೆಳೆಯ ಹಲವು ಹಂತಗಳಲ್ಲಿ ಜೀವಂತ ಕೀಟವು ವಾಹನದಲ್ಲಿ ಪ್ರಯಾಣಿಸುತ್ತದೆ. ಆ ಪ್ರಯಾಣದಲ್ಲಿ ಆಗುವ ನಷ್ಟವನ್ನು ತಡೆಯುವುದರಲ್ಲಿ ಗ್ರಾಮ ಪಂಚಾಯಿತಿಗೂ ಪಾಲಿದೆ.

ಸಾಗಿಸುವ ಸರಕಿನ ಸ್ವರೂಪ

ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿನಲ್ಲಿ ಸುಮಾರು 400ರಿಂದ 500 ಮೊಟ್ಟೆಗಳಿರುತ್ತವೆ. ರೈತರು "ನೂರು ಮೊಟ್ಟೆ" ಎಂದು ಹೇಳುವುದು ಇಂತಹ ನೂರು ಗುಂಪುಗಳನ್ನು. ಆದ್ದರಿಂದ ನೂರು ಮೊಟ್ಟೆಯ ಚಾಕಿ ಎಂದರೆ ಸುಮಾರು 40,000ರಿಂದ 50,000 ಮರಿಹುಳುಗಳು. ಮೊದಲ ಎರಡು ಹಂತಗಳನ್ನು ಚಾಕಿ ಸಾಕಣೆ ಕೇಂದ್ರದಲ್ಲಿ 27ರಿಂದ 28 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 80ಕ್ಕಿಂತ ಹೆಚ್ಚಿನ ತೇವಾಂಶದಲ್ಲಿ ಪೂರೈಸಿದ ಹುಳುಗಳನ್ನು ರೈತರು ತಮ್ಮ ಸಾಕಣೆ ಮನೆಗೆ ಒಯ್ಯುತ್ತಾರೆ.

ಇಕ್ಕಟ್ಟಾದ ಪೆಟ್ಟಿಗೆಯಲ್ಲಿ ಹುಳುಗಳ ಉಸಿರಾಟದಿಂದಲೇ ಶಾಖ ಮತ್ತು ತೇವ ಹೆಚ್ಚುತ್ತದೆ. ಗಾಳಿಯಾಡದಿದ್ದರೆ ಉಳಿದ ಸೊಪ್ಪು ಕೊಳೆಯಲಾರಂಭಿಸುತ್ತದೆ. ಹುಳು ಕೂಡಲೇ ಸಾಯದಿದ್ದರೂ ನಿಶ್ಶಕ್ತವಾಗುತ್ತದೆ. ಹೀಗೆ ನಿಶ್ಶಕ್ತವಾದ ಹುಳುವಿಗೆ ಹಾಲುತೊಂಡೆ ಹಾಗೂ ಸಪ್ಪೆ ರೋಗಗಳು ಬೇಗ ತಗಲುತ್ತವೆ. ಅಷ್ಟರಲ್ಲಿ ಐದನೇ ಹಂತ ಬಂದಿರುತ್ತದೆ. ಒಟ್ಟು ಸೊಪ್ಪಿನ ಬಹುಪಾಲು ಖರ್ಚಾಗುವುದು ಈ ಹಂತದಲ್ಲಿಯೇ. ಸಾಗಣೆಯ ಒಂದು ಗಂಟೆಯ ಅಜಾಗರೂಕತೆಯ ಬೆಲೆಯನ್ನು ರೈತನು ಎರಡು ವಾರಗಳ ದುಡಿಮೆ ಮತ್ತು ಸೊಪ್ಪಿನ ರೂಪದಲ್ಲಿ ತೆರುತ್ತಾನೆ.

ಸಾಗಣೆಯ ಕ್ರಮ

1. ಹುಳುಗಳು ಎರಡನೇ ಜ್ವರದಲ್ಲಿರುವಾಗ ಸಾಗಿಸುವುದು ಉತ್ತಮ. ಆಗ ಅವು ಸೊಪ್ಪು ತಿನ್ನುವುದಿಲ್ಲ. ಹಾಸಿಗೆಗೆ ಅಂಟಿಕೊಂಡು ನಿಶ್ಚಲವಾಗಿರುತ್ತವೆ. ಹಾಸಿಗೆಯ ಸಮೇತವೇ ಒಯ್ಯಬೇಕು. ತಟ್ಟೆಗಳನ್ನು ಓರೆ ಮಾಡಬಾರದು, ಅಲುಗಿಸಬಾರದು.

2. ಬೆಳಗಿನ ಅಥವಾ ಸಂಜೆಯ ತಂಪು ಹೊತ್ತಿನಲ್ಲಿ ಮಾತ್ರ ಹೊರಡಬೇಕು. ಬನಶಂಕರಿ ಅಥವಾ ರೇಷ್ಮೆ ಮಂಡಳಿ ವೃತ್ತದ ಮೂಲಕ ಹಾದುಹೋಗುವ ವಾಹನವು ಸಂಚಾರ ದಟ್ಟಣೆಗೆ ಮೊದಲೇ ನಗರವನ್ನು ದಾಟಬೇಕು. ಬಿಸಿಲಿನಲ್ಲಿ ನಿಂತ ಮುಚ್ಚಿದ ವಾಹನವು ಹುಳುಗಳಿಗೆ ಮಾರಕ.

3. ತಟ್ಟೆಗಳ ನಡುವೆ ಗಾಳಿಯಾಡಲು ಅಂತರವಿರಬೇಕು. ಮೇಲೆ ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಕಟ್ಟಬಾರದು.

4. ಕೀಟನಾಶಕ, ರಸಗೊಬ್ಬರ, ತಂಬಾಕು, ಸೀಮೆಎಣ್ಣೆ ಇವುಗಳನ್ನು ಅದೇ ವಾಹನದಲ್ಲಿ ಒಯ್ಯಬಾರದು. ಹಿಂದೆ ಇವುಗಳನ್ನು ತುಂಬಿದ್ದ ವಾಹನವನ್ನು ತೊಳೆದು ಒಣಗಿಸದೆ ಬಳಸಬಾರದು. ಮೊಟ್ಟೆ ಸಾಗಿಸುವಾಗಲೂ ಇದೇ ನಿಯಮ.

5. ಹುಳು ಬರುವ ಮೊದಲೇ ಸಾಕಣೆ ಮನೆಯ ಸೋಂಕು ನಿವಾರಣೆ ಮುಗಿದಿರಬೇಕು. ಹುಳು ತಲುಪಿದ ಮೇಲೆ ಹಾಸಿಗೆಯನ್ನು ಹರಡಿ, ಬಹುತೇಕ ಎಲ್ಲ ಹುಳುಗಳು ಜ್ವರದಿಂದ ಎದ್ದ ನಂತರವೇ ಸೊಪ್ಪು ಕೊಡಬೇಕು.

ಹುಳುವಿನೊಂದಿಗೆ ಬರುವ ಶತ್ರು

ಜೀವಂತ ಕೀಟವನ್ನು ಸಾಗಿಸುವಾಗ ಅದರ ರೋಗ ಮತ್ತು ಪರಾವಲಂಬಿಗಳೂ ಪ್ರಯಾಣಿಸುತ್ತವೆ. ಊಜಿ ನೊಣ ಇದಕ್ಕೆ ರಾಜ್ಯದ ಅನುಭವದಲ್ಲಿರುವ ದೊಡ್ಡ ನಿದರ್ಶನ. ಪಶ್ಚಿಮ ಬಂಗಾಳದಲ್ಲಿದ್ದ ಈ ನೊಣವು 1980ರಲ್ಲಿ ಅಲ್ಲಿಂದ ಸಾಗಿಸಿದ ಗೂಡುಗಳೊಂದಿಗೆ ಕರ್ನಾಟಕವನ್ನು ಪ್ರವೇಶಿಸಿತು. ಅಂದಿನಿಂದ ಇಂದಿನವರೆಗೆ ಸಾಕಣೆ ಮನೆಯ ಕಿಟಕಿ ಬಾಗಿಲುಗಳಿಗೆ ನೈಲಾನ್ ಪರದೆ ಕಟ್ಟುವುದು ಅನಿವಾರ್ಯವಾಗಿದೆ. ಗೂಡಿನಿಂದ ಹೊರಬಿದ್ದ ಊಜಿ ಮರಿಗಳು ನೆಲದ ಬಿರುಕು ಸೇರಿ ಕೋಶಾವಸ್ಥೆಗೆ ಹೋಗುತ್ತವೆ. ಅಲ್ಲಿಂದ ಮತ್ತೆ ನೊಣಗಳಾಗಿ ಹೊರಬರುತ್ತವೆ. ಆದುದರಿಂದ ಗೂಡು ತುಂಬಿದ್ದ ಚೀಲ ಮತ್ತು ವಾಹನಗಳನ್ನು ಕೊಡವಿ, ಸಿಕ್ಕ ಮರಿಗಳನ್ನು ಸೋಪಿನ ನೀರಿಗೆ ಹಾಕಿ ಕೊಲ್ಲಬೇಕು.

ಗಂಟು ರೋಗವು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಬರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ ತೋರಿಸಿಕೊಟ್ಟ ತಾಯಿ ಚಿಟ್ಟೆಯ ಪರೀಕ್ಷೆಯೇ ಇಂದಿಗೂ ರೋಗರಹಿತ ಮೊಟ್ಟೆ ತಯಾರಿಕೆಗೆ ಆಧಾರ. ಮಾನ್ಯತೆ ಪಡೆದ ಕೇಂದ್ರಗಳಿಂದ ಮಾತ್ರ ಮೊಟ್ಟೆ ಹಾಗೂ ಚಾಕಿ ಪಡೆಯಬೇಕೆನ್ನುವುದು ಈ ಕಾರಣದಿಂದ.

ಪಂಚಾಯಿತಿಯ ಹೊಣೆ

ಸೊಳ್ಳೆ ನಿಯಂತ್ರಣಕ್ಕಾಗಿ ಹೊಗೆ ಸಿಂಪಡಿಸುವುದು ಪಂಚಾಯಿತಿಯ ಅಗತ್ಯ ಕಾರ್ಯ. ಆದರೆ ಸೊಳ್ಳೆಯನ್ನು ಕೊಲ್ಲುವ ಔಷಧವು ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಸಿಂಪರಣೆಯ ದಿನ ಮತ್ತು ಬೀದಿಯನ್ನು ಬೆಳೆಗಾರರಿಗೆ ಮುಂಚಿತವಾಗಿ ತಿಳಿಸಿದರೆ ಅವರು ಕಿಟಕಿ ಮುಚ್ಚಿ, ಸೊಪ್ಪನ್ನು ಮೊದಲೇ ಕೊಯ್ದು ಒಳಗಿರಿಸಿಕೊಳ್ಳಬಹುದು. ಚಾಕಿ ತರುವ ದಿನವನ್ನೂ ಹೊಂದಿಸಿಕೊಳ್ಳಬಹುದು. ಸಾಕಣೆ ಮನೆ ಹಾಗೂ ಹಿಪ್ಪುನೇರಳೆ ತೋಟದ ಪಕ್ಕದಲ್ಲಿ ಸಿಂಪರಣೆಯನ್ನು ಕೈಬಿಟ್ಟು, ನಿಂತ ನೀರನ್ನು ತೆರವುಗೊಳಿಸುವ ಕ್ರಮಕ್ಕೆ ಆದ್ಯತೆ ನೀಡುವುದು ಲೇಸು. ರಸ್ತೆ ಅಗೆಯುವ ಕಾಮಗಾರಿಯಿದ್ದಲ್ಲಿ ಬದಲಿ ಮಾರ್ಗವನ್ನು ಮೊದಲೇ ಪ್ರಕಟಿಸಬೇಕು. ರೋಗ ತಗುಲಿದ ಹುಳುಗಳನ್ನು ಚರಂಡಿ ಅಥವಾ ತಿಪ್ಪೆಗೆ ಎಸೆಯದೆ ಸುಡುವಂತೆ ಅಥವಾ ಸುಣ್ಣ ಹಾಕಿ ಆಳವಾಗಿ ಹೂಳುವಂತೆ ತಿಳಿವಳಿಕೆ ನೀಡಬೇಕು.

ಸದಸ್ಯರ ಚರ್ಚೆಗೆ

1. ತಮ್ಮ ಕ್ಷೇತ್ರದಲ್ಲಿ ಹುಳು ಸಾಕುವ ಕುಟುಂಬಗಳೆಷ್ಟು? ಅವರ ದೂರವಾಣಿ ಪಟ್ಟಿ ಪಂಚಾಯಿತಿಯಲ್ಲಿದೆಯೇ?

2. ಕಳೆದ ಬಾರಿಯ ಹೊಗೆ ಸಿಂಪರಣೆಗೆ ಮೊದಲು ಅವರಿಗೆ ಸೂಚನೆ ತಲುಪಿತ್ತೇ?

3. ಚಾಕಿ ಬರುವ ದಾರಿಯಲ್ಲಿ ದುರಸ್ತಿಯಾಗಬೇಕಾದ ರಸ್ತೆ ಭಾಗಗಳು ಯಾವುವು?

ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮುಂದಿನ ಸಾಮಾನ್ಯ ಸಭೆಯಲ್ಲಿ ದಾಖಲಿಸಿಕೊಂಡು, ತಾಲ್ಲೂಕಿನ ರೇಷ್ಮೆ ಇಲಾಖೆಯ ಅಧಿಕಾರಿಗಳೊಂದಿಗೆ ಹಂಚಿಕೊಳ್ಳುವುದು ಉಪಯುಕ್ತ.