ಹೊಸ ಕಾರಿನ ವಾರಂಟಿ: ತಿಳಿದುಕೊಂಡು ಸಹಿ ಮಾಡೋಣ

ಕಡಲೆ, ಹತ್ತಿ, ಮೆಣಸಿನಕಾಯಿ ಮಾರಿದ ದುಡ್ಡಿಗೆ ಸಾಲ ಕೂಡಿಸಿ ಹೊಸ ಕಾರು ತರುವವರು ಈಗ ಮೊರಬದಂಥ ಊರುಗಳಲ್ಲೂ ಇದ್ದಾರೆ. ಶೋರೂಮಿನಲ್ಲಿ ಬೆಲೆ, ಬಣ್ಣ, ಕಂತು ಎಲ್ಲಾ ಕೇಳ್ತಾರೆ. ವಾರಂಟಿ ಪುಸ್ತಕ ಮಾತ್ರ ಗಾಡಿಯೊಳಗೇ ಮಡಚಿದಂತೆ ಉಳಿಯುತ್ತದೆ.

ವಾರಂಟಿ ಅಂದರೆ ಏನು? ತಯಾರಿಕೆಯಲ್ಲೇ ದೋಷವಿದ್ದರೆ ಆ ಭಾಗವನ್ನು ಪುಕ್ಕಟೆ ರಿಪೇರಿ ಮಾಡಿ ಅಥವಾ ಬದಲಿಸಿ ಕೊಡುತ್ತೇವೆಂದು ಕಂಪನಿ ಬರೆದುಕೊಟ್ಟ ಮಾತು. ಇಡೀ ಕಾರನ್ನೇ ಬದಲಿಸಿ ಕೊಡ್ತಾರ ಅಂತ ತಿಳಿಯಬಾರದು.

ಮಾರುತಿ ಸುಜುಕಿ ಕಂಪನಿ 2024ರ ಜುಲೈನಲ್ಲಿ ತನ್ನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ಯಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ಎರಡರಲ್ಲಿ ಯಾವುದು ಮೊದಲು ಮುಗಿಯುತ್ತದೋ ಅಲ್ಲಿಗೆ ವಾರಂಟಿ ಮುಗಿಯಿತು. ಹುಬ್ಬಳ್ಳಿ, ಧಾರವಾಡ ಎಂದು ದಿನಾ 100 ಕಿ.ಮೀ. ಬಾಡಿಗೆ ಹೊಡೆಯುವವನಿಗೆ 1,000 ದಿನಕ್ಕೇ, ಅಂದರೆ ಮೂರು ವರ್ಷ ತುಂಬುವ ಮೊದಲೇ ಲಕ್ಷ ಆಗಿಬಿಡುತ್ತದೆ. ಹಳದಿ ಬೋರ್ಡಿನ ಗಾಡಿಗೆ ಕರಾರು ಬೇರೆ ಇದೆಯೇ ಎಂದೂ ಮೊದಲೇ ಕೇಳ್ರಿ.

ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ವೈಪರ್ ಸವೆಯುವ ಸಾಮಾನು; ಸವೆತಕ್ಕೆ ವಾರಂಟಿ ಇಲ್ಲ. ಟೈರು, ಬ್ಯಾಟರಿಗೆ ಸಾಮಾನ್ಯವಾಗಿ ಅವುಗಳ ತಯಾರಕರದೇ ವಾರಂಟಿ. ಹಗೇವು, ಕಣಜದ ಬಾಜೂಕ ನಿಲ್ಲಿಸಿದ ಕಾರಿನ ವೈರನ್ನು ಇಲಿ ಕಡಿದರೆ ಅದು ಕಂಪನಿಯ ದೋಷವಲ್ಲ. ಬೆಣ್ಣಿಹಳ್ಳ ತುಂಬಿದಾಗ ನೀರಿನೊಳಗೆ ದಾಟಿಸಲು ಹೋಗಿ ಎಂಜಿನ್ ಕೆಟ್ಟರೂ ವಾರಂಟಿ ಬರುವುದಿಲ್ಲ. ಅದು ವಿಮೆಯ ಮಾತು. ಅಲ್ಲಿಯೂ ಎಂಜಿನ್ ರಕ್ಷಣೆಯ ಹೆಚ್ಚುವರಿ ಪಾಲಿಸಿ ಇಲ್ಲದಿದ್ದರೆ ಹಣ ಸಿಗುವುದು ಕಷ್ಟ. ನಮ್ಮ ಸೀಮೆಯವರು ವಾರಂಟಿಗಿಂತ ಮೊದಲು ಇದನ್ನೇ ವಿಚಾರಿಸಬೇಕು ಎಂದು ನಮಗನಿಸುತ್ತದೆ.

ಸರ್ವಿಸ್ ತಪ್ಪಿಸಿದರೆ, ಹೊರಗೆ ಗ್ಯಾಸ್ ಕಿಟ್ ಕೂಡಿಸಿದರೆ, ವೈರ್ ಕತ್ತರಿಸಿ ಲೈಟು ಹಾಕಿಸಿದರೆ ಕಂಪನಿಗೆ ನಿರಾಕರಿಸಲು ನೆವ ಸಿಗುತ್ತದೆ. ಕೆಟ್ಟಾಗ ಬಾಯಿಮಾತಿನಲ್ಲಿ ಹೇಳಿ ಬರಬೇಡ್ರಿ. ದೂರನ್ನು ಜಾಬ್ ಕಾರ್ಡಿನಲ್ಲಿ ದಿನಾಂಕ, ಕಿ.ಮೀ. ಸಹಿತ ಬರೆಸಿ ಪ್ರತಿ ಇಟ್ಟುಕೊಳ್ರಿ. ಅದೇ ದೋಷ ಮತ್ತೆ ಮತ್ತೆ ಬಂದರೆ ಆ ಕಾಗದಗಳೇ ಸಾಕ್ಷಿ.

ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, 1915ಕ್ಕೆ ಫೋನ್ ಮಾಡಬಹುದು. ಆಗದಿದ್ದರೆ ಧಾರವಾಡದ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಕಾಯ್ದೆಯಂತೆ ಕಾರು ಬೇರೆ ಜಿಲ್ಲೆಯಲ್ಲಿ ಕೊಂಡಿದ್ದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, 2 ವರ್ಷದೊಳಗೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹೊಟ್ಟೆಪಾಡಿಗೆ ತಾನೇ ಓಡಿಸುವ ಬಾಡಿಗೆ ಕಾರಿನ ಮಾಲೀಕನೂ ಈ ಕಾಯ್ದೆಯಲ್ಲಿ ಗ್ರಾಹಕನೇ.